ಅಂಬ್ರೆಲಾನಾ, ಲಿಮಿಟೆಡ್ಡಾ? ಮೊದಲು ಐಆರ್35 ಕೇಳಿ

ಯುಕೆಯಲ್ಲಿ ಹೊಸದಾಗಿ ಕಾಂಟ್ರಾಕ್ಟ್ ಹಿಡಿಯುತ್ತಿರುವವರೇ, ರೇಟ್ ಮಾತಾಡುವ ಮೊದಲು ಕೆಲಸ ಐಆರ್35 ಒಳಗೋ ಹೊರಗೋ ಕೇಳಿ. ಐಆರ್35 ಅಂದರೆ ನೀವು ನಿಜಕ್ಕೂ ಸ್ವತಂತ್ರ ಕಾಂಟ್ರಾಕ್ಟರೋ, ಹೆಸರು ಬೇರೆಯಾದ ನೌಕರರೋ ಎಂದು ನೋಡುವ ತೆರಿಗೆ ನಿಯಮ; ನೌಕರರಂತಿದ್ದರೆ 'ಒಳಗೆ'. 2021ರ ಏಪ್ರಿಲ್‌ನಿಂದ ಮಧ್ಯಮ ಮತ್ತು ದೊಡ್ಡ ಖಾಸಗಿ ಕಂಪನಿಗಳಲ್ಲಿ ಅದನ್ನು ತೀರ್ಮಾನಿಸುವುದು ಕ್ಲೈಂಟ್. ಒಳಗೆ ಅಂದರೆ ಲಿಮಿಟೆಡ್ ಕಂಪನಿಯ (ನೀವೇ ತೆರೆದು ನಡೆಸುವ ಕಂಪನಿ) ತೆರಿಗೆ ಲಾಭ ಹೆಚ್ಚುಕಮ್ಮಿ ಹೋಯಿತು, ಅಂಬ್ರೆಲಾ (ನಿಮ್ಮನ್ನು ನೌಕರರಾಗಿ ಇಟ್ಟುಕೊಂಡು ಸಂಬಳ ಕೊಡುವ ಮಧ್ಯವರ್ತಿ ಕಂಪನಿ) ಸಾಕು.

ಅಂಬ್ರೆಲಾದಲ್ಲಿ ನಾನು ಎಡವಿದ್ದು ರೇಟ್ ಲೆಕ್ಕದಲ್ಲೇ. ದಿನಕ್ಕೆ 500 ಪೌಂಡ್ ಅಂದರೆ ಅದು ನಿಮ್ಮ ಸಂಬಳವಲ್ಲ. ವಾರದ 2,500ರಲ್ಲಿ ಮಾಲೀಕರ ಪಾಲಿನ ನ್ಯಾಷನಲ್ ಇನ್ಶೂರೆನ್ಸ್ (ಸಾಮಾಜಿಕ ಭದ್ರತೆಯ ವಂತಿಗೆ, ಈಗ ಶೇ. 15), ಅಪ್ರೆಂಟಿಸ್‌ಶಿಪ್ ಲೆವಿ (ತರಬೇತಿಗಾಗಿ ಮಾಲೀಕರು ಕಟ್ಟುವ ತೆರಿಗೆ) ಶೇ. 0.5, ಅಂಬ್ರೆಲಾ ಇಟ್ಟುಕೊಳ್ಳುವ ಮಾರ್ಜಿನ್ 25 ಪೌಂಡ್ ಎಂದುಕೊಂಡರೆ, ಅವೆಲ್ಲ ಕಳೆದು ಉಳಿಯುವುದು ಸುಮಾರು 2,150. ನಿಮ್ಮ ತೆರಿಗೆ ಶುರುವಾಗುವುದೇ ಅದರ ಮೇಲೆ. ರಜೆಯ ಹಣವೂ ಅದರೊಳಗೇ ಸೇರಿರುತ್ತದೆ. ಸಹಿಗೆ ಮುಂಚೆ ಕೆಲಸ ಕೊಡಿಸುವ ಏಜೆನ್ಸಿ ಕೊಡಬೇಕಾದ 'ಕೀ ಇನ್ಫರ್ಮೇಶನ್ ಡಾಕ್ಯುಮೆಂಟ್' (ಸಂಬಳ, ಕಡಿತಗಳ ವಿವರ ಪತ್ರ) ಕೇಳಿ ಪಡೆದು, ಸಾಲುಸಾಲಾಗಿ ಓದಿ.

ಐಆರ್35 ಹೊರಗೆ, ಕೆಲಸವೂ ವರ್ಷಗಟ್ಟಲೆ ಸಿಗುವಂತಿದ್ದರೆ ಲಿಮಿಟೆಡ್ ಒಳ್ಳೆಯದು. 50,000 ಪೌಂಡ್‌ವರೆಗಿನ ಲಾಭಕ್ಕೆ ಕಾರ್ಪೊರೇಷನ್ ತೆರಿಗೆ ಶೇ. 19. ಲೆಕ್ಕಪತ್ರದ ಹೊಣೆ ಮಾತ್ರ ನಿರ್ದೇಶಕರಾದ ನಿಮ್ಮದೇ, ಅಕೌಂಟೆಂಟ್ ಇದ್ದರೂ.

'ಶೇ. 85 ಕೈಗೆ ಬರುತ್ತೆ' ಅನ್ನುವ ಅಂಬ್ರೆಲಾ ಹತ್ತಿರವೂ ಸುಳಿಯಬೇಡಿ. ಸಾಲದ ಹೆಸರಲ್ಲಿ ಸಂಬಳ ಕೊಡುವ ಅಂಥ ಯೋಜನೆಗಳಲ್ಲಿ ಬಾಕಿ ತೆರಿಗೆಯ ನೋಟಿಸ್ ಕೊನೆಗೆ ನಿಮ್ಮ ಮನೆಗೇ ಬರಬಹುದು.