ಹನ್ನೆರಡು ಲಕ್ಷದ ಮಾತು ಬಿಡಿ, ಕಡಿದುಕೊಂಡ ಟಿಡಿಎಸ್ ವಾಪಸ್ ತರಿಸಿ

ಹನ್ನೆರಡು ಲಕ್ಷದವರೆಗೆ ತೆರಿಗೆ ಇಲ್ಲ ಎಂಬುದು 2025ರ ಬಜೆಟ್ಟಿನ ದೊಡ್ಡ ಸುದ್ದಿ. ಸುದ್ದಿ ಸರಿಯೇ. ಆದರೆ ಕಾರವಾರದಲ್ಲೋ ಶಿರಸಿಯಲ್ಲೋ ತಿಂಗಳಿಗೆ 18 ಸಾವಿರಕ್ಕೆ ದುಡಿಯುವವರಿಗೆ ಅದರಿಂದ ಒಂದು ರೂಪಾಯಿಯೂ ಉಳಿದಿಲ್ಲ. ಅವರಿಗೆ ಮೊದಲೂ ತೆರಿಗೆ ಇರಲಿಲ್ಲ: 2024-25ರಲ್ಲೇ ಹೊಸ ಪದ್ಧತಿಯಲ್ಲಿ ಏಳು ಲಕ್ಷದವರೆಗೆ ರಿಬೇಟ್, ಅಂದರೆ ತೆರಿಗೆ ಮಾಫಿ ಇತ್ತು, ಸಂಬಳದವರಿಗೆ ಮೇಲಿಂದ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ (ಆದಾಯದಿಂದ ನೇರವಾಗಿ ಕಳೆಯುವ ಮೊತ್ತ) ಬೇರೆ. ಅಂದರೆ ತಿಂಗಳಿಗೆ 64 ಸಾವಿರದವರೆಗೂ ಶೂನ್ಯ. ಕಡಿಮೆ ಸಂಬಳದವರ ದುಡ್ಡು ಸೋರುವುದು ತೆರಿಗೆ ದರದ ಸ್ಲ್ಯಾಬಿನಲ್ಲಲ್ಲ, ಹಣ ಕೈಗೆ ಬರುವ ಮೊದಲೇ ಕಡಿದುಕೊಳ್ಳುವ ತೆರಿಗೆಯಾದ ಟಿಡಿಎಸ್‌ನಲ್ಲಿ. ಅದನ್ನು ಹಿಡಿಯುವ ಬಗೆ ಇಲ್ಲಿದೆ.

ಮೊದಲು 2025-26ರ ಲೆಕ್ಕ. ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗೆ ಏನೂ ಇಲ್ಲ, 4ರಿಂದ 8 ಲಕ್ಷಕ್ಕೆ ಶೇ 5, 8ರಿಂದ 12 ಲಕ್ಷಕ್ಕೆ ಶೇ 10. ಹೀಗೆ ಬರುವ ತೆರಿಗೆ 60,000 ರೂಪಾಯಿವರೆಗೆ ರಿಬೇಟ್ ಆಗಿ ಮಾಫಿ. ಇಲ್ಲೊಂದು ಸೂಕ್ಷ್ಮವಿದೆ. ತೆರಿಗೆ ಕಟ್ಟಬೇಕಿಲ್ಲ ಎಂದರೆ ರಿಟರ್ನ್ (ಇಲಾಖೆಗೆ ಕೊಡುವ ಆದಾಯದ ವಿವರ) ಹಾಕಬೇಕಿಲ್ಲ ಎಂದಲ್ಲ. ಆದಾಯ 4 ಲಕ್ಷ ದಾಟಿದರೆ ತೆರಿಗೆ ಶೂನ್ಯವಿದ್ದರೂ ರಿಟರ್ನ್ ಕಡ್ಡಾಯ. ಅದಕ್ಕಿಂತ ಕಡಿಮೆ ಇದ್ದು, ವರ್ಷದಲ್ಲಿ 25,000 ಅಥವಾ ಹೆಚ್ಚು ಟಿಡಿಎಸ್ ಹೋಗಿದ್ದರೂ ಕಡ್ಡಾಯ. ಉಳಿದ ಹೆಚ್ಚಿನವರಿಗೆ ಕಡ್ಡಾಯವಲ್ಲ, ಆದರೆ ರಿಟರ್ನ್ ಹಾಕದೆ ರಿಫಂಡ್ ಬರುವುದಿಲ್ಲ.

ನೀವು ಸಂಬಳದವರೋ, ಗುತ್ತಿಗೆಯವರೋ?

ಎಲ್ಲಾ ಗೊಂದಲದ ಮೂಲ ಇದು. ಕೆಲಸ ಒಂದೇ, ಹಾಜರಿ ಪುಸ್ತಕ ಒಂದೇ. ಆದರೆ ನಿಮ್ಮನ್ನು ಕೆಲಸಕ್ಕಿಟ್ಟ ಏಜೆನ್ಸಿಯವರು ನಿಮ್ಮ ಹಣವನ್ನು ಆದಾಯ ತೆರಿಗೆ ಕಾಯ್ದೆಯ ಯಾವ ಕಲಮಿನಲ್ಲಿ ತೋರಿಸಿದ್ದಾರೆ ಎಂಬುದರ ಮೇಲೆ ಕಡಿತ ನಿಂತಿದೆ. 18,000 ತಿಂಗಳ ಹಣವನ್ನೇ ತೆಗೆದುಕೊಳ್ಳಿ, ವರ್ಷಕ್ಕೆ 2,16,000. ಸಂಬಳ ಎಂದು, ಅಂದರೆ 192ರಲ್ಲಿ ತೋರಿಸಿದ್ದರೆ ಕಡಿತ ಸೊನ್ನೆ. 194ಸಿ, ಅಂದರೆ ಗುತ್ತಿಗೆ ಎಂದರೆ ಶೇ 1, ತಿಂಗಳಿಗೆ 180 ರೂಪಾಯಿ. 194ಜೆ, ವೃತ್ತಿಪರ ಶುಲ್ಕ ಎಂದು ಬರೆದರೆ ಶೇ 10, ಅಂದರೆ ತಿಂಗಳಿಗೆ 1,800, ವರ್ಷಕ್ಕೆ 21,600. ಪ್ಯಾನ್ ಕೊಡದಿದ್ದರೆ, ಅಥವಾ ಆಧಾರ್ ಜೋಡಿಸದೆ ಪ್ಯಾನ್ ನಿಷ್ಕ್ರಿಯವಾಗಿದ್ದರೆ, 194ಸಿ ಇರಲಿ 194ಜೆ ಇರಲಿ ಶೇ 20: ತಿಂಗಳಿಗೆ 3,600.

194ಸಿ ಹತ್ತುವುದು ಒಂದೇ ಬಿಲ್ 30,000 ದಾಟಿದರೆ ಅಥವಾ ವರ್ಷದ ಮೊತ್ತ ಒಂದು ಲಕ್ಷ ದಾಟಿದರೆ. 194ಜೆ ಮಿತಿಯನ್ನು 2025ರ ಏಪ್ರಿಲ್ 1ರಿಂದ 30,000ದಿಂದ 50,000ಕ್ಕೆ ಏರಿಸಿದ್ದಾರೆ. ಕಡಿಮೆ ಸಂಬಳದವರಿಗೆ ಆ ಬಜೆಟ್ಟಿನಲ್ಲಿ ನಿಜಕ್ಕೂ ಸಿಕ್ಕಿದ್ದು ಇಂಥ ಚಿಲ್ಲರೆ ಬದಲಾವಣೆಗಳೇ. ಬ್ಯಾಂಕ್ ಠೇವಣಿ ಬಡ್ಡಿಯ ಮಿತಿಯೂ 40,000ದಿಂದ 50,000 ಆಯಿತು, ಹಿರಿಯ ನಾಗರಿಕರಿಗೆ ಒಂದು ಲಕ್ಷ.

ಟಿಡಿಎಸ್ ಬೇರೆ, ಪ್ರೊಫೆಷನಲ್ ಟ್ಯಾಕ್ಸ್ ಬೇರೆ. ಎರಡನೆಯದು ರಾಜ್ಯದ್ದು: ಸಂಬಳ 25,000 ಅಥವಾ ಮೇಲಿದ್ದರೆ ತಿಂಗಳಿಗೆ 200, ಫೆಬ್ರವರಿಯಲ್ಲಿ 300. ಅದು ವಾಪಸ್ ಬರುವ ಹಣವಲ್ಲ. ಸ್ಲಿಪ್ಪಿನಲ್ಲಿ 25,000ಕ್ಕಿಂತ ಕಡಿಮೆ ಇದ್ದೂ ಕಡಿದಿದ್ದರೆ ಸೈಟ್ ಆಫೀಸಿನಲ್ಲೇ ಕೇಳಿ.

ಅಡಿಕೆ, ಮೀನು

ಶಿರಸಿ, ಸಿದ್ದಾಪುರದ ಕಡೆ ತಪ್ಪು ತಿಳಿವಳಿಕೆಯೊಂದಿದೆ: ತೋಟದ ದುಡ್ಡಿಗೆ ತೆರಿಗೆ ಇಲ್ಲ ಎಂದು. ಅದು ತೋಟದ ಯಜಮಾನರ ಬೆಳೆಗೆ. ಅಡಿಕೆ ಕೊನೆ ಇಳಿಸುವ ಕೊನೆಗೌಡನ ಕೂಲಿ, ಅಡಿಕೆ ಸುಲಿಯುವವರ ಕೂಲಿ ಕೃಷಿ ಆದಾಯವಲ್ಲ, ಮಾಮೂಲಿ ದುಡಿಮೆಯ ಹಣ. ಕರಾವಳಿಯಲ್ಲಿ ಬೋಟಿನ ಪಾಲೂ ಹಾಗೆಯೇ, ಸಮುದ್ರದ ಮೀನುಗಾರಿಕೆ ಕೃಷಿಯ ಲೆಕ್ಕಕ್ಕೆ ಬರುವುದಿಲ್ಲ. ಮೊತ್ತ 4 ಲಕ್ಷದೊಳಗಿದ್ದರೆ ಚಿಂತೆಯಿಲ್ಲ. ಆದರೆ ರಿಟರ್ನಿನಲ್ಲಿ ಇದನ್ನು ಕೃಷಿ ಆದಾಯ ಎಂದು ತುಂಬಿಸಬೇಡಿ.

ರಿಫಂಡ್ ತರಿಸುವ ಕ್ರಮ

ನಾಲ್ಕನೇ ತ್ರೈಮಾಸಿಕದ ಟಿಡಿಎಸ್ ವಿವರ ಕೊಡಲು ಏಜೆನ್ಸಿಗೆ ಮೇ 31ರವರೆಗೆ ಸಮಯ, ಸಂಬಳ, ಕಡಿತದ ಪ್ರಮಾಣಪತ್ರವಾದ ಫಾರ್ಮ್ 16 ಕೊಡಲು ಜೂನ್ 15ರವರೆಗೆ. ಹಾಗಾಗಿ ಜೂನ್ ನಡುವಿಗೆ ಮುಂಚೆ ಕೂತರೆ ಅರ್ಧ ಲೆಕ್ಕವೇ ಕಾಣುತ್ತದೆ. ಸಂಬಳದವರ ರಿಟರ್ನ್ ಫಾರ್ಮ್ ಐಟಿಆರ್-1ಕ್ಕೆ ಕೊನೆಯ ದಿನ ಜುಲೈ 31. ಟ್ರಾಲರ್‌ಗಳು ಬಂದರಿನಲ್ಲಿ ನಿಲ್ಲುವ 61 ದಿನದ ನಿಷೇಧ ಮುಗಿಯುವುದೂ ಅದೇ ದಿನ. ಬೋಟು ಮತ್ತೆ ಇಳಿಯುವ ಮೊದಲು ಈ ಕೆಲಸ ಮುಗಿಸಿ ಎಂದು ನೆನಪಿಟ್ಟರೆ ಸಾಕು.

ಇನ್‌ಕಮ್ ಟ್ಯಾಕ್ಸ್ ಇ-ಫೈಲಿಂಗ್ ಪೋರ್ಟಲ್‌ನಲ್ಲಿ ಪ್ಯಾನ್ ಹಾಕಿ ಲಾಗಿನ್ ಆಗಿ. ಮೊದಲು ನೋಡಬೇಕಾದದ್ದು 26ಎಎಸ್ ಮತ್ತು ಎಐಎಸ್. ಯಾರು, ಯಾವ ಕಲಮಿನಲ್ಲಿ, ಎಷ್ಟು ಕಡಿದಿದ್ದಾರೆ ಎಂಬುದು ಅಲ್ಲಿ ಸಾಲಾಗಿ ಇರುತ್ತದೆ. ಸ್ಲಿಪ್ಪಿನಲ್ಲಿ ಕಡಿದದ್ದು ಅಲ್ಲಿ ಇಲ್ಲವೆಂದರೆ ಕಡಿದವರು ಸರಕಾರಕ್ಕೆ ಕಟ್ಟಿಲ್ಲ, ಅಥವಾ ನಿಮ್ಮ ಪ್ಯಾನ್ ತಪ್ಪಾಗಿ ಬರೆದಿದ್ದಾರೆ. ಸ್ಲಿಪ್ ತೋರಿಸಿ ತಿದ್ದುಪಡಿ ಟಿಡಿಎಸ್ ರಿಟರ್ನ್ ಹಾಕಿಸಿ. ಅದಾಗದೆ ಮುಂದೆ ಹೋದರೆ ರಿಫಂಡ್ ನಿಂತುಬಿಡುತ್ತದೆ.

ಕಡಿತ 192 ಆಗಿದ್ದರೆ ಐಟಿಆರ್-1. 194ಸಿ, 194ಜೆ ಆಗಿದ್ದರೆ ಐಟಿಆರ್-4; ಅದನ್ನೂ ಜುಲೈ 31ರೊಳಗೇ ಹಾಕಿಬಿಡಿ. ಸುಲಭ ಎಂದು ಗುತ್ತಿಗೆ ಹಣವನ್ನು ಐಟಿಆರ್-1ರಲ್ಲಿ ಸಂಬಳವೆಂದು ತೋರಿಸಿದರೆ 26ಎಎಸ್ ಜೊತೆ ತಾಳೆಯಾಗದೆ ನೋಟಿಸ್ ಬರುತ್ತದೆ. ಗುತ್ತಿಗೆ ಹಣಕ್ಕೆ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಇಲ್ಲ. ಸಣ್ಣ ವ್ಯವಹಾರದವರು ಅಂದಾಜು ಲಾಭ ತೋರಿಸುವ 44ಎಡಿ ಕಲಮಿನ ಅಡಿ ಬ್ಯಾಂಕಿಗೆ ಬಂದ ಹಣದ ಶೇ 6 ಲಾಭ ತೋರಿಸಿದರೆ ಸಾಕು ಎಂದು ಹೇಳುವವರಿದ್ದಾರೆ. ಅದು ಕನಿಷ್ಠ ಮಾತ್ರ. ಕೈಯಲ್ಲಿ ನಿಜವಾಗಿ ಉಳಿದದ್ದು ಹೆಚ್ಚಿದ್ದರೆ ಅದನ್ನೇ ಬರೆಯಬೇಕು. 2,16,000 ಪೂರ್ತಿ ಬರೆದರೂ ತೆರಿಗೆ ಶೂನ್ಯವೇ, ಸುಳ್ಳು ಹೇಳುವ ಅಗತ್ಯವೇ ಇಲ್ಲ.

ಸಲ್ಲಿಸಿದ 30 ದಿನದೊಳಗೆ ಆಧಾರ್ ಒಟಿಪಿಯಿಂದ ಇ-ವೆರಿಫೈ ಮಾಡಿ. ಹೆಚ್ಚಿನವರು ಎಡವುವುದು ಇಲ್ಲೇ: ಸಲ್ಲಿಸಿ ಬಿಟ್ಟುಬಿಡುತ್ತಾರೆ, ರಿಟರ್ನ್ ಹಾಕಿಯೇ ಇಲ್ಲ ಎಂಬ ಲೆಕ್ಕ ಆಗುತ್ತದೆ. ಮಳೆಗಾಲದಲ್ಲಿ ಘಟ್ಟದ ಊರುಗಳಲ್ಲಿ ಕರೆಂಟೂ ಸಿಗ್ನಲ್ಲೂ ಒಟ್ಟಿಗೆ ಹೋಗುವುದರಿಂದ ಒಟಿಪಿ ಕೆಲಸವನ್ನು ಪೇಟೆಗೆ ಬಂದ ದಿನ ಮುಗಿಸಿ.

ಜುಲೈ 31 ತಪ್ಪಿದರೆ ಡಿಸೆಂಬರ್ 31ರವರೆಗೆ ತಡವಾದ ರಿಟರ್ನ್ ಹಾಕಬಹುದು. ರಿಟರ್ನ್ ಕಡ್ಡಾಯವಿಲ್ಲದವರಿಗೆ ದಂಡವಿಲ್ಲ. ಕಡ್ಡಾಯವಿದ್ದವರಿಗೆ ಆದಾಯ ಐದು ಲಕ್ಷದೊಳಗಿದ್ದರೆ 1,000, ಮೇಲಿದ್ದರೆ 5,000. ಅದೂ ದಾಟಿದರೆ ಅಪ್‌ಡೇಟೆಡ್ ರಿಟರ್ನ್ ಉಂಟು, ಆದರೆ ಅದರಲ್ಲಿ ರಿಫಂಡ್ ಕೇಳಲಾಗದು.

ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ

ಹೆಸರಿನಲ್ಲಿ. ನಮ್ಮ ಜಿಲ್ಲೆಯ ನಾಯ್ಕ, ನಾಯಕ, ಗೌಡ, ಹೆಗಡೆ ಎಂಬ ಅಡ್ಡಹೆಸರುಗಳು ಇಂಗ್ಲಿಷಿನಲ್ಲಿ ಒಂದೊಂದು ದಾಖಲೆಯಲ್ಲಿ ಒಂದೊಂದು ಬಗೆ. ಆಧಾರ್, ಪ್ಯಾನ್, ಪಾಸ್‌ಬುಕ್ ಮೂರನ್ನೂ ಪಕ್ಕಪಕ್ಕ ಇಟ್ಟು ಅಕ್ಷರಕ್ಕೆ ಅಕ್ಷರ ನೋಡಿ. ವ್ಯತ್ಯಾಸವಿದ್ದರೆ ರಿಫಂಡ್ ಬರಬೇಕಾದ ಬ್ಯಾಂಕ್ ಖಾತೆ ಪ್ರಿ-ವ್ಯಾಲಿಡೇಟ್, ಅಂದರೆ ಮುಂಚಿತವಾಗಿ ದೃಢೀಕರಣ ಆಗುವುದಿಲ್ಲ.

ಐಎಫ್‌ಎಸ್‌ಸಿಯಲ್ಲಿ. ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾದೊಳಗೆ ಸೇರಿತು, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಳಗೆ. ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿದೆ. ಹಳೇ ಪಾಸ್‌ಬುಕ್ ನೋಡಿ ಕೋಡ್ ತುಂಬಿಸಬೇಡಿ, ಶಾಖೆಯಲ್ಲಿ ಕೇಳಿ ಬರೆದುಕೊಳ್ಳಿ. ರಿಫಂಡ್ ಫೇಲ್ ಆಗಿದ್ದರೆ ಖಾತೆ ಸರಿಪಡಿಸಿ ಪೋರ್ಟಲ್‌ನಲ್ಲೇ ರಿಫಂಡ್ ರೀಇಶ್ಯೂ ಕೋರಿಕೆ ಹಾಕಬಹುದು.

ಏಜೆಂಟರಲ್ಲಿ. ತುಂಬಿಸಿ ಕೊಡಲು ಇನ್ನೂರು ಮುನ್ನೂರು ಕೊಡುವುದು ಬೇರೆ. ರಿಫಂಡಿನಲ್ಲಿ ಪಾಲು ಕೇಳುವವರಿಂದ ದೂರವಿರಿ. ಲಾಗಿನ್ನಿಗೆ ತಮ್ಮದೇ ಮೊಬೈಲ್ ನಂಬರ್ ಹಾಕಿಕೊಂಡರೆ ನೋಟಿಸ್ ಅವರಿಗೆ ಹೋಗುತ್ತದೆ, ಉತ್ತರ ಕೊಡಬೇಕಾದವರು ನೀವು. ಇಲ್ಲದ ಡಿಡಕ್ಷನ್ ತೋರಿಸಿ ಸಿಕ್ಕಿಬಿದ್ದರೆ ದಂಡ ತಪ್ಪಿಸಿದ ತೆರಿಗೆಯ ಶೇ 200.

ಪಿಎಫ್ ಕೀಳುವಾಗ

ಗುತ್ತಿಗೆದಾರ ಬದಲಾದಾಗಲೆಲ್ಲ ಪಿಎಫ್ ಕೀಳುವ ಅಭ್ಯಾಸ ದೊಡ್ಡ ಪ್ರಾಜೆಕ್ಟುಗಳ ಕಾರ್ಮಿಕರಲ್ಲಿ ಹೆಚ್ಚು. ಐದು ವರ್ಷ ತುಂಬದೆ 50,000 ಅಥವಾ ಹೆಚ್ಚು ತೆಗೆದರೆ ಶೇ 10 ಕಡಿತ, ಪ್ಯಾನ್ ಇಲ್ಲದಿದ್ದರೆ ಶೇ 20. ಹೊಸ ಗುತ್ತಿಗೆದಾರನ ಖಾತೆಗೆ ಅದೇ ಯುಎಎನ್‌ನಲ್ಲಿ ವರ್ಗಾಯಿಸಿದರೆ ಹಿಂದಿನ ಸೇವೆಯೂ ಐದು ವರ್ಷಕ್ಕೆ ಸೇರುತ್ತದೆ. ತೆಗೆಯಲೇಬೇಕೆಂದರೆ, ವರ್ಷದ ತೆರಿಗೆ ಶೂನ್ಯವಿದ್ದವರು 15ಜಿ (ಟಿಡಿಎಸ್ ಕಡಿಯಬೇಡಿ ಎಂಬ ಘೋಷಣೆಯ ಫಾರ್ಮ್) ಕೊಡಬಹುದು. 15ಜಿ ಬ್ಯಾಂಕ್ ಬಡ್ಡಿಗೆ, ಪಿಎಫ್‌ಗೆ ನಡೆಯುತ್ತದೆ. 194ಸಿ, 194ಜೆಗೆ ನಡೆಯುವುದಿಲ್ಲ. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿರುವುದರಿಂದ ಕಲಂ, ಫಾರ್ಮುಗಳ ನಂಬರ್ ಬದಲಾಗುತ್ತವೆ. ಮೇಲಿನವೆಲ್ಲ 2025-26ರ ಆದಾಯಕ್ಕೆ ಅನ್ವಯಿಸುವ ಹಳೇ ನಂಬರುಗಳು.

ಗೃಹಲಕ್ಷ್ಮಿ ನಿಂತರೆ?

ಮನೆಯಲ್ಲಿ ಹೆಂಗಸರು ಮೊದಲು ಕೇಳುವುದೇ ಇದನ್ನು, ಕೇಳಬೇಕಾದದ್ದೇ. ತಿಂಗಳ 2,000 ರೂಪಾಯಿಗೆ ಅಡ್ಡಿ ಇರುವುದು ಯಜಮಾನಿ ಅಥವಾ ಗಂಡ ಆದಾಯ ತೆರಿಗೆ ಪಾವತಿಸುವವರಾಗಿದ್ದರೆ, ಇಲ್ಲವೇ ಜಿಎಸ್‌ಟಿ ರಿಟರ್ನ್ ಹಾಕುವವರಾಗಿದ್ದರೆ. ಶೂನ್ಯ ತೆರಿಗೆಯ ರಿಟರ್ನ್ ಹಾಕಿ ಕಡಿದ ಹಣ ಪೂರ್ತಿ ವಾಪಸ್ ಪಡೆದವರು ತೆರಿಗೆ ಪಾವತಿಸಿದಂತಲ್ಲ. ಹಾಗಿದ್ದೂ ತೆರಿಗೆ ಪಾವತಿಸುವವರ ಪಟ್ಟಿಯಲ್ಲಿ ಹೆಸರು ಕೂತರೆ ಐಟಿಆರ್-ವಿ ಸ್ವೀಕೃತಿ ಮತ್ತು ರಿಟರ್ನ್ ಪರಿಶೀಲಿಸುವ ಬೆಂಗಳೂರಿನ ಸಿಪಿಸಿ ಕೇಂದ್ರದಿಂದ ಇಮೇಲಿಗೆ ಬರುವ 143(1) ಇಂಟಿಮೇಷನ್ ಎರಡನ್ನೂ ಪ್ರಿಂಟ್ ಮಾಡಿಸಿ, ತೆರಿಗೆ ಸೊನ್ನೆ ಎಂದಿರುವ ಸಾಲಿಗೆ ಗೆರೆ ಹಾಕಿ, ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಗೆ ಅರ್ಜಿಯ ಜೊತೆ ಕೊಡಿ. ಅರ್ಜಿಯ ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಂಡೇ ಹೊರಗೆ ಬನ್ನಿ.