ಇಬ್ಬರೇ ಜಿಯೋಕ್ಯಾಶಿಂಗ್‌ಗೆ ಹೊರಟಿದ್ದೀರಾ?

ಜಿಯೋಕ್ಯಾಶಿಂಗ್ ಅಂದ್ರೆ ಬೇರೆಯವರು ಬಚ್ಚಿಟ್ಟ ಡಬ್ಬಿಯನ್ನ ಫೋನಿನ ಜಿಪಿಎಸ್ ಹಿಡಿದು ಹುಡುಕೋ ಆಟ. ಇಂಗ್ಲೆಂಡಿನ ಹಳ್ಳಿ ಕಡೆ ಜಿಯೋಕ್ಯಾಶಿಂಗ್‌ಗೆ ಹೊರಡೋ ಜೋಡಿಗಳಿಗೆ ಒಂದು ಸಲಹೆ: ಫೋನ್ ಒಬ್ಬರ ಕೈಯಲ್ಲಿರಲಿ, ಹುಡುಕೋದು ಇನ್ನೊಬ್ಬರ ಕೆಲಸ. ಜಿಪಿಎಸ್ ಡಬ್ಬಿಯಿಂದ ಐದಾರು ಮೀಟರ್ ದೂರಕ್ಕೆ ತಂದು ಬಿಡುತ್ತೆ, ದಟ್ಟ ಮರಗಳಡಿ ಇನ್ನೂ ಆಚೀಚೆ ಆಗುತ್ತೆ. ಅಲ್ಲಿಗೆ ಬಂದ ಮೇಲೂ ಇಬ್ಬರೂ ಸ್ಕ್ರೀನ್ ನೋಡ್ತಾ ಗಿರಕಿ ಹೊಡೆದ್ರೆ ಏನೂ ಸಿಗಲ್ಲ. ಕಣ್ಣಿಗೆ ಕೆಲಸ ಕೊಡಿ. ಮರದ ಬುಡದಲ್ಲಿ ತೀರಾ ಓರಣವಾಗಿ ಬಿದ್ದಿರೋ ಕಡ್ಡಿಗಳು, ಬೇಲಿ ಕಂಬದ ಹಿಂದೆ ಸಿಕ್ಕಿಸಿದ ಹಳೇ ಫಿಲ್ಮ್ ಡಬ್ಬಿ, ಗೇಟಿನ ಕಬ್ಬಿಣಕ್ಕೆ ಕಚ್ಚಿಕೊಂಡ, ಬೆರಳ ತುದಿಯಷ್ಟೇ ಇರೋ ಅಯಸ್ಕಾಂತದ ಡಬ್ಬಿ: ಹೆಚ್ಚಾಗಿ ಇಂಥವೇ.

ಪ್ರತಿ ಡಬ್ಬಿಯನ್ನ ಹುಡುಕೋ ಕಷ್ಟಕ್ಕೂ ಅಲ್ಲಿಗೆ ಹೋಗೋ ಹಾದಿಯ ಕಷ್ಟಕ್ಕೂ 1ರಿಂದ 5ರವರೆಗೆ ಬೇರೆ ಬೇರೆ ಅಂಕ ಇರುತ್ತೆ. ಮೊದಲ ಸಲ ಎರಡೂ 2 ದಾಟದಿರಲಿ. ಇಲ್ಲಾಂದ್ರೆ ಜಗಳ ಆಡ್ಕೊಂಡೇ ಮನೆಗೆ ಬರ್ತೀರಿ!

ಪೆನ್ ಮರೀಬೇಡಿ. ಪುಟ್ಟ ಡಬ್ಬಿಗಳಲ್ಲಿ ಸಹಿ ಹಾಕೋ ಚೀಟಿ ಬಿಟ್ರೆ ಬೇರೇನೂ ಇರಲ್ಲ. ದೊಡ್ಡದರಿಂದ ಏನಾದ್ರೂ ತಗೊಂಡ್ರೆ ಅಷ್ಟೇ ಬೆಲೆಯದ್ದು ಇಡಿ. ತಿಂಡಿ ಮಾತ್ರ ಬೇಡ, ವಾಸನೆಗೆ ಪ್ರಾಣಿಗಳು ಡಬ್ಬಿಯನ್ನೇ ಕಡಿದು ಹಾಕ್ತವೆ.

ಬೇಸಿಗೆಯಲ್ಲೂ ಉದ್ದ ಪ್ಯಾಂಟೇ ಹಾಕಿ, ಅಲ್ಲಿನ ತುರಿಕೆ ಗಿಡ ಸುಮ್ನೆ ಬಿಡಲ್ಲ. ಸಂಜೆ ಮೊಣಕಾಲಿನ ಹಿಂಭಾಗದಲ್ಲಿ ಉಣ್ಣಿ ಇದೆಯಾ ಅಂತ ಒಬ್ಬರಿಗೊಬ್ಬರು ನೋಡಿ. ಗೇಟು ಹೇಗಿತ್ತೋ ಹಾಗೇ ಬಿಡಿ. ಆಚೆ ಕರು ಜೊತೆ ಹಸು ಇದ್ರೆ, ಡಬ್ಬಿ ಎಷ್ಟೇ ಹತ್ತಿರ ಇರಲಿ, ಬಳಸಿಕೊಂಡು ಹೋಗಿ.