ಹೂವಿನ ಪಾತಿಯ ಕೊನ್ನಾರಿ ಗೆಡ್ಡೆ ತೆಗೆಯುವ ಬಗೆ

ಅಬ್ಬಲಿಗೆ, ಗೊಂಡೆ ಪಾತಿಯಲ್ಲಿ ಕಿತ್ತ ಕೆಲವೇ ದಿನಕ್ಕೆ ಮತ್ತೆ ಚಿಗುರುವ ಹುಲ್ಲಿನ ಹೂದಂಟನ್ನು ಬೆರಳ ನಡುವೆ ಹೊರಳಿಸಿ ನೋಡಿ. ಮೂರು ಏಣು ಕೈಗೆ ಸಿಕ್ಕರೆ ಅದು ಗರಿಕೆಯಲ್ಲ, ಕೊನ್ನಾರಿ. ಮಲಯಾಳದ ಮುತ್ತಂಗ, ಆಯುರ್ವೇದದ ಭದ್ರಮುಷ್ಟಿ ಇದೇ.

ಇದರ ಜೀವ ಗೆಡ್ಡೆಯಲ್ಲಿದೆ. ತಂತಿಯಂಥ ಬೇರಿಗೆ ಗೆಡ್ಡೆಗಳು ಮಣಿಸರದ ಹಾಗೆ ಪೋಣಿಸಿಕೊಂಡಿರುತ್ತವೆ. ಸರ ಇಡಿಯಾಗಿರುವಷ್ಟು ಕಾಲ ಹೆಚ್ಚಿನವು ಮೊಳೆಯದೆ ಮಲಗಿರುತ್ತವೆ. ಎಳೆದು ಸರ ಹರಿದರೆ ಒಂದೊಂದೂ ಏಳುತ್ತದೆ. ಟಿಲ್ಲರ್ ಹೊಡೆದ ಜಾಗದಲ್ಲಿ ಕೊನ್ನಾರಿ ಹೆಚ್ಚುವುದು ಇದರಿಂದಲೇ.

ಹೊಸ ಪಾತಿಗೆ ಮೀನ ತಿಂಗಳೇ (ಮಾರ್ಚ್ ನಡುವಿನಿಂದ ಏಪ್ರಿಲ್ ನಡುವಿನವರೆಗೆ) ಸಮಯ. ನಮ್ಮ ಕಾಸರಗೋಡಿನ ಮುರಕಲ್ಲಿನ (ಜಂಬಿಟ್ಟಿಗೆ) ಮಣ್ಣು ಆಗ ಕಲ್ಲಾಗಿರುತ್ತದೆ, ಹಿಂದಿನ ಸಂಜೆ ನೀರು ಬಿಡಿ. ಹಾರೆಯಲ್ಲಿ ಒಂದಡಿ ಆಳಕ್ಕೆ ಅಗೆದು, ಮಣ್ಣು ಆರಿದ ಮೇಲೆ ಕಾಲಂಗುಲ ಕಣ್ಣಿನ ಜರಡಿಯಲ್ಲಿ ಗಾಳಿಸಿ. ಹೆಚ್ಚಿನ ಗೆಡ್ಡೆ ಮೇಲಿನ ಅರ್ಧ ಅಡಿಯಲ್ಲೇ ಸಿಗುತ್ತವೆ. ಸಿಕ್ಕಿದ್ದನ್ನು ಗೊಬ್ಬರದ ಗುಂಡಿಗೆ ಹಾಕಲೇಬೇಡಿ, ಅಲ್ಲಿಂದ ಇಡೀ ತೋಟಕ್ಕೆ ಹೋಗುತ್ತದೆ. ಅಡಿಕೆ ಒಣಗಿಸುವ ಅಂಗಳದಲ್ಲಿ ಎರಡು ವಾರ ಬಿಸಿಲಿಗೆ ಹರಡಿ, ಆಮೇಲೆ ಬಚ್ಚಲೊಲೆಗೆ ಹಾಕಿ.

ಬಳಿಕ ಪಾತಿ ಸಮ ಮಾಡಿ, ಚೆನ್ನಾಗಿ ನೆನೆಸಿ, 50 ಮೈಕ್ರಾನಿನ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಮಣ್ಣಿಗೆ ತಾಗುವಂತೆ ಎಳೆದು ಹಾಸಿ ಅಂಚನ್ನು ಹೂಳಿ. ಕಪ್ಪು ಹಾಳೆ ಬೇಡ: ಕತ್ತಲಲ್ಲಿ ಮೊಳಕೆ ಸೂಜಿಯಂತೆ ನೆಟ್ಟಗೆ ಬಂದು ಅದನ್ನು ತೂತು ಮಾಡುತ್ತದೆ. ಬೆಳಕು ಕಂಡರೆ ಎಲೆ ಅಡಿಯಲ್ಲೇ ಬಿಚ್ಚಿಕೊಂಡು ಬೆಂದುಹೋಗುತ್ತದೆ. ಮೇ ಕೊನೆಯ ಪತ್ತನಾಜೆವರೆಗೆ, ಅಂದರೆ ಆರು ವಾರವಾದರೂ ಹಾಗೇ ಇರಲಿ. ನಡುವೆ ಗುಡುಗುಮಳೆ ಬಂದರೆ ಹಾಳೆಯ ಮೇಲಿನ ನೀರು ಗುಡಿಸಿ, ನೀರು ನಿಂತಲ್ಲಿ ಕಾವು ಏರದು. ಆಳದ ಗೆಡ್ಡೆಗಳು ಇಷ್ಟಕ್ಕೆ ಸಾಯುವುದಿಲ್ಲ. ಅದಕ್ಕೇ ಮೊದಲು ಅಗೆಯಬೇಕು ಅನ್ನುವುದು.

ಮಳೆಗಾಲದ್ದೇ ಕಷ್ಟದ ಕೆಲಸ. ಮೊಳಕೆ ಬಂದ ಮೂರ್ನಾಲ್ಕು ವಾರದಲ್ಲಿ ಹೊಸ ಗೆಡ್ಡೆ ಕಟ್ಟಲು ಶುರುವಾಗುತ್ತದೆ. ಆದ್ದರಿಂದ 10 ದಿನಕ್ಕೊಮ್ಮೆ ಪಾತಿ ನೋಡಿ, ಚಿಕ್ಕ ಹಾರೆಯಲ್ಲಿ ಗೆಡ್ಡೆ ಸಮೇತ ಎಬ್ಬಿಸಿ. ಆಟಿಯ (ಜುಲೈ-ಆಗಸ್ಟ್) ಮಳೆಯಲ್ಲಿ ಒಂದು ಸುತ್ತು ತಪ್ಪಿದರೂ ಬೇಸಗೆಯ ದುಡಿಮೆ ಹಾಳು. ಮಲ್ಲಿಗೆ, ದಾಸವಾಳದ ಬುಡದಲ್ಲಿ ಅಗೆದರೆ ಬೇರು ಕಡಿಯುತ್ತದೆ. ಅಲ್ಲಿ ಮಣ್ಣಿನ ಮಟ್ಟದಲ್ಲೇ ಕೊಯ್ಯುತ್ತಿರಿ, ಎಲೆಯಿಲ್ಲದೆ ಗೆಡ್ಡೆ ಸೊರಗುತ್ತದೆ. ಕೊನ್ನಾರಿಗೆ ನೆರಳಾಗದು, ಖಾಲಿ ಜಾಗದಲ್ಲಿ ಅಲಸಂಡೆ ಒತ್ತಾಗಿ ಬಿತ್ತಿ. ಪೂರ್ತಿ ಹೋಗಲು ಎರಡು ವರ್ಷವಾದರೂ ಬೇಕು.

ಉಪ್ಪು ಸುರಿಯಬೇಡಿ, ಹೂಗಿಡವೂ ಸಾಯುತ್ತದೆ. ಗ್ಲೈಫೋಸೇಟ್ ಎಂಬ ಕಳೆನಾಶಕವನ್ನು ಕೇರಳ ಸರಕಾರ 2019ರಲ್ಲೇ ನಿಷೇಧಿಸಿದೆ. ಎಂಡೋಸಲ್ಫಾನ್ ಕೀಟನಾಶಕದ ನೋವು ಉಂಡ ಈ ಊರುಗಳಲ್ಲಿ ಬಾವಿಯ ಪಕ್ಕದ ಅಂಗಳಕ್ಕೆ ವಿಷ ತರುವ ಯೋಚನೆಯೇ ಬೇಡ.

ಕೊನ್ನಾರಿ ಹೆಚ್ಚಾಗಿ ಒಳಬರುವುದು ನರ್ಸರಿಯ ಕುಂಡದಲ್ಲಿ, ಟಿಪ್ಪರಿನ ಕೆಂಪು ಮಣ್ಣಿನಲ್ಲಿ. ತಂದ ಮಣ್ಣಿನಲ್ಲಿ ಎರಡು ಬಕೆಟ್ ಬೇರೆ ಇಟ್ಟು ಮೂರು ವಾರ ನೀರು ಚಿಮುಕಿಸಿ. ಚೂಪು ಮೊಳಕೆ ಕಂಡರೆ ಆ ಮಣ್ಣನ್ನು ಪಾತಿಗೆ ಹಾಕಬೇಡಿ.